‘ದಿ ಗ್ಲಾಸ್ ಮೆನಾಜರಿ’: ಪಲಾಯನದ ವಸ್ತು ಮತ್ತು ಮನೆಯ ಲೆಕ್ಕ

ಕನ್ನಡ ವಿಮರ್ಶೆಯಲ್ಲಿ ‘ಪಲಾಯನ’ ಎಂಬುದು ನಿರ್ಲಿಪ್ತವಾದ ಪರಿಭಾಷೆಯಾಗಿ ಬಳಕೆಯಾದದ್ದು ಕಡಿಮೆ. ಪ್ರಗತಿಶೀಲ ಚಳವಳಿಯ ಕಾಲದಲ್ಲಿ ಅದೊಂದು ಆರೋಪವಾಗಿತ್ತು. ನಿಸರ್ಗ, ಪ್ರೇಮ, ಅಧ್ಯಾತ್ಮಗಳ ಕಡೆಗೆ ಮುಖಮಾಡಿದ ಕವಿ ಹಸಿವು, ಶೋಷಣೆಗಳಿಗೆ ಬೆನ್ನು ತೋರಿಸಿದ್ದಾನೆ ಎಂಬ ತೀರ್ಮಾನ ಆ ಪದದೊಳಗೆ ಮೊದಲೇ ಅಡಗಿತ್ತು. ಆಡುಮಾತಿನಲ್ಲಾದರೋ ಈ ಒಂದೇ ಕ್ರಿಯೆಗೆ ಬೇರೆ ಬೇರೆ ಬೆಲೆಕಟ್ಟುವ ಪದಗಳಿವೆ. ಬೆಂಕಿಯಿಂದ ಹೊರಬಂದವನು ‘ಪಾರಾದ’. ಸಾಲ ಕೊಟ್ಟವನ ಕಣ್ಣಿಗೆ ಬೀಳದವನು ‘ತಲೆತಪ್ಪಿಸಿಕೊಂಡ’. ಹೆಂಡತಿಮಕ್ಕಳನ್ನು ಬಿಟ್ಟವನು ‘ಓಡಿಹೋದ’. ಅವನೇ ಕಾವಿಯುಟ್ಟರೆ ‘ಮನೆ ತೊರೆದ’. ಯಾವ ಪದ ಸಲ್ಲುತ್ತದೆಂಬುದನ್ನು ಹೊರಟವನು ನಿರ್ಧರಿಸುವುದಿಲ್ಲ, ಹಿಂದೆ ಉಳಿದವರು ನಿರ್ಧರಿಸುತ್ತಾರೆ. ಅಮೆರಿಕದ ನಾಟಕಕಾರ ಟೆನೆಸ್ಸೀ ವಿಲಿಯಮ್ಸ್‌ನ ‘ದಿ ಗ್ಲಾಸ್ ಮೆನಾಜರಿ’ಯ ವಿಚಿತ್ರವೆಂದರೆ, ಇಲ್ಲಿ ಕಥೆ ಹೇಳುವ ಅಧಿಕಾರವೆಲ್ಲ ಹೊರಟವನ ಕೈಯಲ್ಲಿದೆ. ಉಳಿದವರ ಮಾತು ಅವನ ನೆನಪಿನ ಮೂಲಕ ಮಾತ್ರ ಕೇಳಿಸುತ್ತದೆ. ಆದರೂ ಅವರು ಬರೆದಿಟ್ಟ ಲೆಕ್ಕವೊಂದು ನಾಟಕದ ಒಳಗೇ ಉಳಿದುಕೊಂಡಿದೆ. ಈ ನಾಟಕದ ಪಲಾಯನದ ವಸ್ತುವನ್ನು ಆ ಲೆಕ್ಕದ ಕಡೆಯಿಂದ ನೋಡುವುದು ಉಚಿತ.

ನಾಟಕ ಮೊದಲು ಪ್ರದರ್ಶನಗೊಂಡದ್ದು 1944ರ ಡಿಸೆಂಬರ್ 26ರಂದು, ಷಿಕಾಗೋ ನಗರದಲ್ಲಿ. ಮೊದಲ ದಿನಗಳಲ್ಲಿ ಪ್ರೇಕ್ಷಕರು ವಿರಳವಾಗಿದ್ದರು. ಕ್ಲಾಡಿಯಾ ಕ್ಯಾಸಿಡಿಯವರಂತಹ ಸ್ಥಳೀಯ ವಿಮರ್ಶಕರು ಬಿಡದೆ ಬರೆದದ್ದರಿಂದ ಅದು ಉಳಿದುಕೊಂಡಿತು. 1945ರ ಮಾರ್ಚ್ 31ರಂದು ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಗೆ ಬಂದು, ಅದೇ ವರ್ಷ ಅಲ್ಲಿನ ನಾಟಕ ವಿಮರ್ಶಕರ ಬಳಗದ ಪ್ರಶಸ್ತಿಯನ್ನು ಪಡೆಯಿತು. ಕಥೆ ನಡೆಯುವುದು ಆರ್ಥಿಕ ಕುಸಿತದ 1930ರ ದಶಕದಲ್ಲಿ, ಸೇಂಟ್ ಲೂಯಿಸ್ ನಗರದ ಇಕ್ಕಟ್ಟಾದ ವಠಾರವೊಂದರಲ್ಲಿ. ಗಂಡ ಬಿಟ್ಟುಹೋದ ಅಮಾಂಡಾ ವಿಂಗ್‌ಫೀಲ್ಡ್, ಕಾಲು ತುಸು ಊನವಾಗಿರುವ, ಅತಿ ಸಂಕೋಚದ ಮಗಳು ಲಾರಾ, ಪಾದರಕ್ಷೆಯ ಗೋದಾಮಿನಲ್ಲಿ ತಿಂಗಳಿಗೆ 65 ಡಾಲರಿನ ಕೆಲಸ ಮಾಡುತ್ತ ಕವಿತೆ ಬರೆಯುವ ಮಗ ಟಾಮ್ – ಇವರು ಮನೆಯವರು. ಮಗಳಿಗೆ ಒಬ್ಬ ವರನನ್ನು ಹುಡುಕಲು ತಾಯಿ ಪಡುವ ಪಾಡು, ಟಾಮ್ ತನ್ನ ಸಹೋದ್ಯೋಗಿ ಜಿಮ್ ಓ’ಕಾನರ್‌ನನ್ನು ಒಂದು ಸಂಜೆ ಊಟಕ್ಕೆ ಕರೆತರುವುದು, ಆತನಿಗೆ ಮದುವೆ ಈಗಾಗಲೇ ನಿಶ್ಚಯವಾಗಿದೆ ಎಂದು ತಿಳಿಯುವುದು, ಕೊನೆಗೆ ಟಾಮ್ ಮನೆ ಬಿಡುವುದು. ಘಟನೆಗಳೆಂದರೆ ಇಷ್ಟೇ. ಐದನೆಯ ಪಾತ್ರವೊಂದು ಗೋಡೆಯ ಮೇಲಿದೆ. ದೂರವಾಣಿ ಸಂಸ್ಥೆಯಲ್ಲಿದ್ದು ದೂರದ ಊರುಗಳ ಮೋಹಕ್ಕೆ ಬಿದ್ದು ಹೊರಟುಹೋದ ತಂದೆಯ ನಗುಮುಖದ ದೊಡ್ಡ ಭಾವಚಿತ್ರ ಅದು.

ಈ ನಾಟಕದ ಬಗೆಗಿನ ರೂಢಿಯ ವ್ಯಾಖ್ಯಾನ ಪಠ್ಯಪುಸ್ತಕಗಳ ಮೂಲಕ ಎಲ್ಲ ಕಡೆಗೂ ಹಬ್ಬಿದೆ. ಅದರ ಪ್ರಕಾರ ಅಮಾಂಡಾ ತನ್ನ ಯೌವನದ ದಕ್ಷಿಣ ಪ್ರಾಂತ್ಯದ ನೆನಪಿಗೆ ಓಡುತ್ತಾಳೆ. ಲಾರಾ ಗಾಜಿನ ಪ್ರಾಣಿಗಳ ಕಡೆಗೆ, ತಂದೆ ಬಿಟ್ಟುಹೋದ ಹಳೆಯ ಗ್ರಾಮಫೋನ್ ತಟ್ಟೆಗಳ ಕಡೆಗೆ ಓಡುತ್ತಾಳೆ. ಟಾಮ್ ಸಿನಿಮಾ ಮಂದಿರಕ್ಕೆ, ಮದ್ಯಕ್ಕೆ, ಕವಿತೆಗೆ ಓಡುತ್ತಾನೆ. ಜಿಮ್ ಒಬ್ಬನೇ ವಾಸ್ತವಲೋಕದ ಪ್ರತಿನಿಧಿ. ಇದು ತಪ್ಪೆನ್ನುವಂತಿಲ್ಲ, ನಿರೂಪಕನ ಮಾತಿನಲ್ಲೇ ಇದಕ್ಕೆ ಆಧಾರವಿದೆ. ಆದರೆ ಈ ವ್ಯಾಖ್ಯಾನ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ಸಮನಾಗಿ ತೂಗಿಬಿಡುತ್ತದೆ. ಮೂವರ ಪಲಾಯನವೂ ಒಂದೇ ಬಗೆಯದೆ, ಪ್ರತಿಯೊಂದಕ್ಕೂ ತಗಲುವ ವೆಚ್ಚ ಎಷ್ಟು, ಆ ವೆಚ್ಚವನ್ನು ಭರಿಸುವವರು ಯಾರು ಎಂಬ ಪ್ರಶ್ನೆಗಳು ಅಲ್ಲಿ ಏಳುವುದಿಲ್ಲ. ಇದಲ್ಲದೆ, ಆ ವರ್ಗೀಕರಣವನ್ನು ಒದಗಿಸುವ ನಿರೂಪಕನೇ ಈ ವ್ಯವಹಾರದಲ್ಲಿ ಒಬ್ಬ ಕಕ್ಷಿದಾರ. ಮನೆಯವರೆಲ್ಲರೂ ಕನಸಿನಲ್ಲಿದ್ದರು ಎಂದು ಹೇಳುವುದರಿಂದ ಮನೆ ಬಿಟ್ಟವನಿಗೆ ಒಂದಿಷ್ಟು ನೆಮ್ಮದಿ ಸಿಗುತ್ತದೆ ಎಂಬುದನ್ನು ಮರೆಯಬಾರದು.

ಅಮಾಂಡಾಳ ಪಾತ್ರಕ್ಕೆ ವಿಮರ್ಶೆಯಿಂದ ಹೆಚ್ಚಿನ ಅನ್ಯಾಯವಾಗಿದೆ. ಬ್ಲೂ ಮೌಂಟನ್ನಿನ ಒಂದು ಭಾನುವಾರ ಮಧ್ಯಾಹ್ನ ತನ್ನನ್ನು ಕಾಣಲು 17 ಮಂದಿ ತರುಣರು ಬಂದಿದ್ದರು ಎಂದು ಆಕೆ ಹೇಳುವ ಕಥೆಯನ್ನು ಮಕ್ಕಳು ಎಷ್ಟು ಸಲ ಕೇಳಿದ್ದಾರೋ ಲೆಕ್ಕವಿಲ್ಲ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇರಬಹುದು. ಆದರೆ ಆ ಕಥೆಯ ಮುಂದಿನ ಭಾಗವನ್ನು ಗಮನಿಸಬೇಕು. ಬಂದವರಲ್ಲಿ ಯಾರು ಎಷ್ಟು ಆಸ್ತಿ ಮಾಡಿದರು, ಯಾರು ಹೆಂಡತಿಗೆ ಏನು ಉಳಿಸಿ ಸತ್ತರು ಎಂಬುದನ್ನೆಲ್ಲ ಆಕೆ ಬಾಯಿಪಾಠ ಒಪ್ಪಿಸುತ್ತಾಳೆ. ಇದು ಗತವೈಭವದ ಹಂಬಲ ಮಾತ್ರವಲ್ಲ. ತಪ್ಪಾಗಿ ಹೋದ ಒಂದು ಆಯ್ಕೆಯ ಆಯವ್ಯಯ. ಆಕೆಯ ವರ್ತಮಾನದ ದಿನಚರಿಯಂತೂ ಪೂರ್ತಿಯಾಗಿ ಹಣಕಾಸಿನದು. ಬೆಳಗಿನ ಜಾವ ಗುರುತಿನ ಹೆಂಗಸರಿಗೆ ದೂರವಾಣಿ ಮಾಡಿ, ಅವರ ಸೈನಸ್ ತೊಂದರೆಯನ್ನು ವಿಚಾರಿಸಿ, ಪತ್ರಿಕೆಯ ಚಂದಾ ನವೀಕರಿಸುವಂತೆ ಒಲಿಸುವ ಆಕೆಯ ಪ್ರಯತ್ನ ರಂಗದ ಮೇಲೆ ನಗು ಹುಟ್ಟಿಸುತ್ತದೆ. ಆ ನಗುವಿನ ಹಿಂದೆ ಒಂದು ನೌಕರಿ ಇದೆ. ಮಗಳನ್ನು ಬೆರಳಚ್ಚು ಕಲಿಸುವ ವಾಣಿಜ್ಯ ಶಾಲೆಗೆ ಸೇರಿಸಲು ಆಕೆ ಕಟ್ಟಿದ ಶುಲ್ಕ 50 ಡಾಲರು, ಅಂದರೆ ಟಾಮ್‌ನ ತಿಂಗಳ ಸಂಬಳದ ಮುಕ್ಕಾಲು ಪಾಲಿಗೂ ಮಿಗಿಲು. ಆ ಹಣ ವ್ಯರ್ಥವಾಯಿತೆಂದು ತಿಳಿದ ದಿನ ಆಕೆ ಮಗಳಿಗೆ ಹೇಳುವ ಮಾತುಗಳಲ್ಲಿ ಕನಸಿನ ಲವಲೇಶವೂ ಇಲ್ಲ. ಮದುವೆಯೂ ಇಲ್ಲದೆ ಉದ್ಯೋಗವೂ ಇಲ್ಲದೆ ಅಣ್ಣತಮ್ಮಂದಿರ, ಅಕ್ಕತಂಗಿಯರ ಮನೆಗಳ ಮೂಲೆಯಲ್ಲಿ ಹಂಗಿನ ಅನ್ನ ತಿಂದು ಮುದುಕಿಯರಾಗುವ ಹೆಂಗಸರನ್ನು ಆಕೆ ಕಣ್ಣಾರೆ ಕಂಡಿದ್ದಾಳೆ. ಆ ಭಯವನ್ನು ಅರಿಯಲು ಕನ್ನಡದ ಓದುಗನಿಗೆ ವ್ಯಾಖ್ಯಾನದ ನೆರವು ಬೇಡ.

ಲಾರಾಳಿಗೆ ‘ಕುಂಟಿ’ ಎಂಬ ಪದವನ್ನು ಬಳಸಕೂಡದೆಂದು ಆಕೆ ಹಟ ಹಿಡಿಯುವುದು ವಾಸ್ತವವನ್ನು ನಿರಾಕರಿಸುವ ಕುರುಡುತನವೆಂದು ವಿವರಿಸಲ್ಪಟ್ಟಿದೆ. ನಿರಾಕರಣೆ ಅಲ್ಲಿದೆ, ನಿಜ. ಆದರೆ ವಾಸ್ತವವನ್ನೇ ಕಾಣದವಳು ಮಗಳನ್ನು ವಾಣಿಜ್ಯ ಶಾಲೆಗೆ ಏಕೆ ಸೇರಿಸಬೇಕಿತ್ತು? ಮಗಳಿಗೆ 17 ಮಂದಿ ತರುಣರು ಬರುವುದಿಲ್ಲವೆಂದು ಗೊತ್ತಿದ್ದುದರಿಂದಲೇ ಆಕೆ ಮೊದಲು ನೌಕರಿಯ ದಾರಿ ಹುಡುಕಿದಳು. ಅದು ಮುಚ್ಚಿದ ಮೇಲಷ್ಟೇ ಮದುವೆಯ ದಾರಿ. ಯೋಜನೆಗಳು ಸೋಲುತ್ತವೆ, ಸೋತ ಯೋಜನೆ ಮತ್ತು ಹಗಲುಗನಸು ಒಂದೇ ಅಲ್ಲ.

ಲಾರಾಳ ವಿಷಯಕ್ಕೆ ಬಂದರೆ, ಆಕೆಯ ಪಲಾಯನದ ನಿಜವಾದ ದೃಶ್ಯ ಗಾಜಿನ ಗೊಂಬೆಗಳ ಮುಂದೆ ಇಲ್ಲ, ಊರಿನ ಬೀದಿಗಳಲ್ಲಿದೆ. ಬೆರಳಚ್ಚಿನ ವೇಗಪರೀಕ್ಷೆಯಲ್ಲಿ ಕೈನಡುಗಿ, ತರಗತಿಯಲ್ಲೇ ವಾಂತಿಮಾಡಿಕೊಂಡ ಮೇಲೆ ಆಕೆ ಮತ್ತೆ ಆ ಶಾಲೆಗೆ ಹೋಗಲಿಲ್ಲ. ಮನೆಯಲ್ಲಿ ಹೇಳಲೂ ಇಲ್ಲ. ದಿನವೂ ಹೊತ್ತಿಗೆ ಸರಿಯಾಗಿ ಹೊರಟು ಚಳಿಗಾಲದ ಊರಿನಲ್ಲಿ ನಡೆದಾಡಿದಳು. ಕಲಾಸಂಗ್ರಹಾಲಯ, ಮೃಗಾಲಯದ ಹಕ್ಕಿಮನೆಗಳು, ಪೆಂಗ್ವಿನ್‌ಗಳು, ಉಷ್ಣವಲಯದ ಹೂಗಳನ್ನು ಬೆಳೆಸುವ ಗಾಜಿನ ಮನೆ – ಆಕೆ ಹೋದ ತಾಣಗಳು ಇವು. ಊನವಾದ ಕಾಲಿನ ಹುಡುಗಿಯೊಬ್ಬಳು ಮಾಡಿದ ಈ ನಡಿಗೆ ಆರಾಮದ ಪಲಾಯನವಲ್ಲ. ತಾಯಿ ಕೇಳಿದಾಗ ಆಕೆ ಕೊಡುವ ಕಾರಣ ಗಮನಾರ್ಹ. ತಾಯಿಗೆ ನಿರಾಸೆಯಾದಾಗ ಆಕೆಯ ಮುಖದಲ್ಲಿ ಮೂಡುವ ಸಂಕಟವನ್ನು ತಾನು ನೋಡಲಾರೆ ಎಂಬುದು ಅದು. ಸುಳ್ಳು ಹೇಳಿದ್ದು ಮನೆಯನ್ನು ಕಾಪಾಡುವುದಕ್ಕೆ. ಇದನ್ನು ವಾಸ್ತವದಿಂದ ಪಲಾಯನವೆಂದು ಕರೆಯುವುದಾದರೆ, ಅದರ ವೆಚ್ಚವನ್ನು ಬಹುಮಟ್ಟಿಗೆ ಓಡಿದವಳೇ, ತನ್ನ ಕಾಲಿನಿಂದಲೇ ತೆತ್ತಿದ್ದಾಳೆ ಎಂಬುದನ್ನೂ ಸೇರಿಸಬೇಕು.

ಟಾಮ್‌ನ ಪ್ರಕರಣ ಬೇರೆ. ಆತನ ಸಂಕಟ ಸುಳ್ಳಲ್ಲ. ಅಮೆರಿಕದಲ್ಲಿ 1933ರಲ್ಲಿ ದುಡಿಯುವ ನಾಲ್ವರಲ್ಲಿ ಸುಮಾರು ಒಬ್ಬನಿಗೆ ಕೆಲಸವಿರಲಿಲ್ಲ. ಅಂಥ ದಶಕದಲ್ಲಿ ಕೆಲಸ ಇರುವುದೇ ಒಂದು ಸಂಕೋಲೆಯಾಗುವ ಬಗೆಯನ್ನು ವಿಲಿಯಮ್ಸ್ ಬಲ್ಲ. ತಾನೇ ಸೇಂಟ್ ಲೂಯಿಸ್‌ನ ಪಾದರಕ್ಷೆಯ ಕಂಪನಿಯೊಂದರಲ್ಲಿ ದುಡಿದವನು ಆತ. ಸಿನಿಮಾ ಮಂದಿರದ ಕತ್ತಲಲ್ಲಿ ಕುಳಿತು ಪರದೆಯ ಮೇಲಿನವರು ಮಾಡುವ ಸಾಹಸಗಳನ್ನು ನೋಡುವ ಬದಲು ತಾನೇ ಹೊರಡಬೇಕೆಂದು ಟಾಮ್ ಜಿಮ್‌ನಿಗೆ ಹೇಳುವಾಗ, ಅದರಲ್ಲಿ ಇಡೀ ಒಂದು ಪೀಳಿಗೆಯ ಚಡಪಡಿಕೆ ಇದೆ. ಒಂದು ರಾತ್ರಿ ಆತ ಸಿನಿಮಾದ ಜತೆಗೆ ಇಂದ್ರಜಾಲದ ಪ್ರದರ್ಶನವನ್ನೂ ನೋಡಿ ಬಂದು ಅಕ್ಕನಿಗೆ ವರದಿ ಮಾಡುತ್ತಾನೆ. ಮೊಳೆ ಹೊಡೆದು ಮುಚ್ಚಿದ ಶವಪೆಟ್ಟಿಗೆಯಿಂದ ಜಾದೂಗಾರ ಒಂದು ಮೊಳೆಯನ್ನೂ ಕೀಳದೆ ಹೊರಬಂದನಂತೆ. ಅಂಥ ವಿದ್ಯೆ ತನಗೂ ಒದಗಬಾರದೇ ಎಂದು ಆತ ಅಚ್ಚರಿಪಡುವ ಆ ಕ್ಷಣದಲ್ಲಿ ತಂದೆಯ ಭಾವಚಿತ್ರ ಬೆಳಗುತ್ತದೆ. ಉತ್ತರ ಕೊಟ್ಟವರು ಯಾರೆಂಬುದು ಸ್ಪಷ್ಟ. ಆದರೆ ಆ ಉತ್ತರ ನಂಬತಕ್ಕದ್ದೇ ಎಂದು ನಾಟಕ ಹೇಳುವುದಿಲ್ಲ. ತಂದೆ ಹೊರಟಾಗ ಕಿತ್ತುಬಂದ ಮೊಳೆಗಳು ಆ ಮನೆಯ ನೆಲದ ಮೇಲೆ ಇನ್ನೂ ಬಿದ್ದೇ ಇವೆ.

ಅಮಾಂಡಾ ಮಗನ ಹೊರಡುವಿಕೆಯನ್ನು ತಡೆಯುವ ರಾಕ್ಷಸಿ ಎಂಬ ಗ್ರಹಿಕೆಗೆ ನಾಲ್ಕನೆಯ ದೃಶ್ಯದಲ್ಲಿ ನೇರ ಉತ್ತರವಿದೆ. ವ್ಯಾಪಾರಿ ನೌಕಾದಳದಿಂದ ಮಗನಿಗೆ ಬಂದ ಪತ್ರವನ್ನು ಆಕೆ ನೋಡಿದ್ದಾಳೆ. ಅಳುವುದಿಲ್ಲ, ಶಪಿಸುವುದಿಲ್ಲ. ಅಕ್ಕನಿಗೆ ತನ್ನದೇ ಒಂದು ಮನೆಯಾಗುವವರೆಗೆ ಇರು, ಆಮೇಲೆ ನೆಲವೋ ಜಲವೋ ನಿನ್ನ ಇಷ್ಟದ ಕಡೆಗೆ ಹೋಗು ಎಂಬುದು ಆಕೆಯ ಪ್ರಸ್ತಾಪದ ತಿರುಳು. ಇದು ಪಲಾಯನದ ವಿರೋಧವಲ್ಲ, ಪಲಾಯನಕ್ಕೆ ಹಾಕಿದ ಕರಾರು. ಇಡೀ ನಾಟಕದಲ್ಲಿ ಯಾರೂ ಮುಂದಿಡುವ ಅತ್ಯಂತ ವಿವೇಕದ ಪ್ರಸ್ತಾಪ ಇದೇ ಇರಬಹುದು. ಅದು ವಿಮರ್ಶೆಯಲ್ಲಿ ಹುಚ್ಚುಕನಸಿನ ಹೆಂಗಸೆಂದು ಹೆಸರಾದವಳ ಬಾಯಿಂದ ಬಂದಿದೆ.

ಕರಾರು ಮುರಿದದ್ದು ಹೇಗೆಂಬುದನ್ನು ವಿಲಿಯಮ್ಸ್ ಭಾವೋದ್ರೇಕದ ದೃಶ್ಯದಲ್ಲಿ ಇಟ್ಟಿಲ್ಲ, ಒಂದು ಬಿಲ್ಲಿನಲ್ಲಿ ಇಟ್ಟಿದ್ದಾನೆ. ಅತಿಥಿ ಬರುವುದು ಖಚಿತವಾದಾಗ ಅಮಾಂಡಾ ಮನೆಯನ್ನು ಸಿಂಗರಿಸುತ್ತಾಳೆ. ಹೊಸ ಪರದೆಗಳು ಬರುತ್ತವೆ, ಲಾರಾಳಿಗೆ ಹೊಸ ಉಡುಪು ಬರುತ್ತದೆ, ಗುಲಾಬಿ ಬಣ್ಣದ ರೇಷ್ಮೆ ಮರೆಯುಳ್ಳ ಹೊಸ ನಿಲುದೀಪವೊಂದು ಬರುತ್ತದೆ. ಅತಿಥಿ ಊಟದ ಮೇಜಿನ ಬಳಿ ಇರುವಾಗಲೇ ವಿದ್ಯುತ್ತು ನಿಂತುಹೋಗುತ್ತದೆ. ಆ ತಿಂಗಳ ದೀಪದ ಬಿಲ್ಲಿನ ಹಣವನ್ನು ಟಾಮ್ ನಾವಿಕರ ಸಂಘದ ಸದಸ್ಯತ್ವಕ್ಕೆ ಕಟ್ಟಿಬಿಟ್ಟಿದ್ದಾನೆ. ಈ ಸಂಗತಿಯನ್ನು ಆತ ಸ್ವಲ್ಪ ಮುಂಚೆ ಜಿಮ್‌ನಿಗೆ ಹೆಮ್ಮೆಯಿಂದಲೇ ಹೇಳಿದ್ದಾನೆ; ಪ್ರೇಕ್ಷಕನಿಗೆ ಅದು ಗೊತ್ತು, ತಾಯಿಗೆ ಗೊತ್ತಿಲ್ಲ. ಹೊಸ ದೀಪ ನಿಂತಿದೆ, ಅದನ್ನು ಉರಿಸುವ ವಿದ್ಯುತ್ತಿಲ್ಲ. ಒಂದೇ ಕುಟುಂಬದ ಒಬ್ಬಳು ಆ ಸಂಜೆಯ ಬೆಳಕಿಗಾಗಿ ಹಣ ಕೂಡಿಸಿದ್ದಾಳೆ, ಇನ್ನೊಬ್ಬ ಅದೇ ಬೆಳಕಿನ ಹಣದಲ್ಲಿ ತನ್ನ ಬಿಡುಗಡೆಯ ಚೀಟಿ ಕೊಂಡಿದ್ದಾನೆ. ಕುಟುಂಬವೆಂಬ ಘಟಕದೊಳಗೆ ವ್ಯಕ್ತಿಯ ಬಿಡುಗಡೆ ಎಂಬುದರ ಅರ್ಥವನ್ನು ಇಷ್ಟು ಕಡಿಮೆ ಮಾತುಗಳಲ್ಲಿ ಹೇಳಿದ ನಾಟಕಗಳು ವಿರಳ. ಟಾಮ್ ಮನೆಬಿಡುವುದು ಕೊನೆಯ ದೃಶ್ಯದಲ್ಲಿ. ಆದರೆ ಮನೆ ಆತನಿಲ್ಲದೆ ಕತ್ತಲಾಗುವುದು ಆತ ಊಟದ ಮೇಜಿನ ಮುಂದೆ ಕುಳಿತಿರುವಾಗಲೇ.

ಪ್ರವೇಶದ್ವಾರವಾಗಿ ಇರಿಸಿರುವ, ಅಗ್ನಿ ಅನಾಹುತದಲ್ಲಿ ಪಾರಾಗಲು ಕಟ್ಟಿದ ಕಬ್ಬಿಣದ ಮೆಟ್ಟಿಲಿನ ವಿಷಯವಾಗಿ ಬೇಕಾದಷ್ಟು ಬರೆಯಲಾಗಿದೆ. ಅದರ ಹೆಸರಿನಲ್ಲೊಂದು ಕಾವ್ಯಸತ್ಯವಿದೆಯೆಂದು ನಾಟಕಕಾರನೇ ರಂಗಸೂಚನೆಯಲ್ಲಿ ಹೇಳಿರುವುದರಿಂದ ವಿಮರ್ಶಕರಿಗೆ ಕೆಲಸ ಸುಲಭವಾಯಿತು. ಅದೇ ಮೆಟ್ಟಿಲಿನ ಮೇಲೆ ನಡೆಯುವ ಒಂದು ಸಣ್ಣ ಘಟನೆಗೆ ಅಷ್ಟು ಗಮನ ದೊರೆತಿಲ್ಲ. ಬೆಣ್ಣೆ ತರಲು ಅಮಾಂಡಾ ಮಗಳನ್ನು ಅಂಗಡಿಗೆ ಕಳಿಸುತ್ತಾಳೆ, ಲೆಕ್ಕಕ್ಕೆ ಬರೆಸೆಂದು ಹೇಳುತ್ತಾಳೆ. ಹಾಗೆ ಬರೆಸಿದರೆ ಅಂಗಡಿಯವರು ಮುಖ ಸಿಂಡರಿಸುತ್ತಾರೆಂದು ಲಾರಾ ಅಳುಕುತ್ತಾಳೆ. ಆದರೂ ಹೋಗುತ್ತಾಳೆ, ಮೆಟ್ಟಿಲಿನ ಮೇಲೆ ಕಾಲುಜಾರಿ ಚೀರುತ್ತಾಳೆ. ಟಾಮ್ ಸಿಗರೇಟು ಸೇದುತ್ತ ನಕ್ಷತ್ರ ನೋಡುವ ಜಾಗ ಲಾರಾಳಿಗೆ ಸಾಲದ ಬೆಣ್ಣೆಯ ದಾರಿ. ಪಾರಾಗುವ ಮೆಟ್ಟಿಲು ಮನೆಗೊಂದೇ ಇದೆ. ಅದರಲ್ಲಿ ಇಳಿಯಬಲ್ಲ ಕಾಲು ಎಲ್ಲರಿಗೂ ಇಲ್ಲ.

ಜಿಮ್‌ನನ್ನು ವಾಸ್ತವದ ಪ್ರತಿನಿಧಿ ಎನ್ನುವ ಮಾತನ್ನು ಸ್ವಲ್ಪ ಪರೀಕ್ಷಿಸುವುದು ಅಗತ್ಯ. ಶಾಲೆಯ ದಿನಗಳಲ್ಲಿ ಗೀತನಾಟಕದ ನಾಯಕನಾಗಿ ಮೆರೆದವನು ಈಗ 85 ಡಾಲರು ಸಂಬಳದ ಗುಮಾಸ್ತ. ಸಾರ್ವಜನಿಕ ಭಾಷಣಕಲೆ, ರೇಡಿಯೋ ತಂತ್ರಜ್ಞಾನ ಕಲಿತು, ಮುಂದೆ ಬರಲಿರುವ ಟೆಲಿವಿಷನ್ ಉದ್ಯಮದಲ್ಲಿ ಮೇಲೇರುವ ಯೋಜನೆ ಆತನದು. ಆತ್ಮವಿಶ್ವಾಸದ ಬಗೆಗೆ ಆತ ಲಾರಾಳಿಗೆ ನೀಡುವ ಉಪನ್ಯಾಸದಲ್ಲಿ ಕಲಿತ ಪಾಠದ ವಾಸನೆ ಢಾಳಾಗಿದೆ. ಆತನೂ ಕನಸುಗಾರನೇ. ವ್ಯತ್ಯಾಸವಿಷ್ಟೇ, ಆತನ ಕನಸನ್ನು ಆ ದೇಶ ಪ್ರಗತಿ ಎಂದು ಕರೆಯುತ್ತಿತ್ತು. ಪ್ರಗತಿಯ ಹೆಸರಿನ ಕನಸಿಗೆ ಪಲಾಯನವೆಂಬ ಆರೋಪ ತಟ್ಟುವುದಿಲ್ಲ ಎಂಬುದು ಬೇರೆ ದೇಶಗಳ ವಿಮರ್ಶೆಗೂ ಪಾಠವಾಗಬಹುದಾದ ಸಂಗತಿ. ಒಡೆದ ಗಾಜಿನ ಏಕಶೃಂಗದ ಸಂಕೇತಾರ್ಥವನ್ನು ಇಲ್ಲಿ ಮತ್ತೆ ವಿಸ್ತರಿಸಬೇಕಾಗಿಲ್ಲ. ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಅದು ಆಗಲೇ ಸಾಕಷ್ಟು ಚೂರಾಗಿದೆ.

ಇದಕ್ಕಿಂತ ಮುಖ್ಯವಾದದ್ದು ಆ ದೃಶ್ಯದ ನಿರೂಪಣೆಯ ಸಮಸ್ಯೆ. ನಾಟಕ ತನ್ನನ್ನು ನೆನಪಿನ ನಾಟಕವೆಂದು ಕರೆದುಕೊಳ್ಳುತ್ತದೆ. ಕಾಣುವುದೆಲ್ಲ ಟಾಮ್‌ನ ನೆನಪು. ಆದರೆ ಮೋಂಬತ್ತಿಯ ಬೆಳಕಿನಲ್ಲಿ ಲಾರಾ ಮತ್ತು ಜಿಮ್ ಮಾತಾಡುವ, ಕುಣಿಯುವ, ಒಮ್ಮೆ ಮುತ್ತಿಡುವ ಆ ದೀರ್ಘ ದೃಶ್ಯ ನಡೆಯುವಾಗ ಟಾಮ್ ಅಲ್ಲಿಲ್ಲ. ಬಿಲ್ಲು ಕಟ್ಟಲು ಮರೆತ ತಪ್ಪಿಗೆ ದಂಡವಾಗಿ ತಾಯಿಯ ಜತೆ ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಿದ್ದಾನೆ. ಕಾಣದ್ದನ್ನು ಆತ ನೆನಪಿಸಿಕೊಳ್ಳುವುದು ಹೇಗೆ? ರಂಗಸಂಪ್ರದಾಯದ ಸಡಿಲವೆಂದು ಇದನ್ನು ತಳ್ಳಿಹಾಕಬಹುದು. ಆದರೆ ನಾಟಕದ ಅತ್ಯಂತ ಮಮತೆಯ ದೃಶ್ಯ ನಿರೂಪಕ ಕಾಣದ ದೃಶ್ಯವೇ ಆಗಿರುವುದು ಆಕಸ್ಮಿಕವಾಗಿರಲಾರದು. ಅಕ್ಕನಿಗೆ ಕೊಡಲಾಗದ ಬೆಳಕನ್ನು, ಒಂದು ಕುಣಿತವನ್ನು, ಕೆಲವು ನಿಮಿಷಗಳ ಸಂತೋಷವನ್ನು ವರ್ಷಗಳ ಅನಂತರ ನಾವಿಕನ ಉಡುಪಿನಲ್ಲಿ ನಿಂತವನು ಕಲ್ಪಿಸಿ ಕೊಡುತ್ತಿದ್ದಾನೆ. ಅಕ್ಕನ ಲೋಕ ಗಾಜಿನ ಗೊಂಬೆಗಳದೆಂದು ಒಮ್ಮೆ ತಾಯಿಯೆದುರು ಬಿರುಸಾಗಿ ನುಡಿದಿದ್ದವನು ಈಗ ತಾನೇ ಅಂಥ ಒಂದು ಗೊಂಬೆಯನ್ನು ಉಜ್ಜಿ ಹೊಳೆಯಿಸುತ್ತಿದ್ದಾನೆ. ದೂರದ ಊರುಗಳಲ್ಲಿ ಬಣ್ಣದ ಗಾಜು ಕಂಡಾಗಲೆಲ್ಲ ಅಕ್ಕ ಹಿಂಬಾಲಿಸಿ ಬರುತ್ತಾಳೆಂದು ಆತ ಹೇಳುವ ಕೊನೆಯ ಮಾತುಗಳನ್ನು ಈ ದೃಷ್ಟಿಯಿಂದ ಓದಿದರೆ, ಆ ಮನೆಯಿಂದ ಯಾರಾದರೂ ಪಾರಾದರೇ ಎಂಬುದು ಸಂಶಯಾಸ್ಪದವಾಗುತ್ತದೆ. ಆ ಹೊತ್ತಿನಲ್ಲಿ ರಂಗದ ಒಳಭಾಗದಲ್ಲಿ ಅಮಾಂಡಾ ಮಗಳನ್ನು ಸಂತೈಸುತ್ತಿರುವುದು ಮೂಕಾಭಿನಯದಲ್ಲಿ ಕಾಣುತ್ತದೆ. ಮಾತು ಕೇಳಿಸದಿರುವಾಗ ಆಕೆಯ ಹುಚ್ಚಾಟ ಕಳಚಿಬಿದ್ದು ಗಾಂಭೀರ್ಯವೊಂದು ಉಳಿಯುತ್ತದೆಂದು ರಂಗಸೂಚನೆಯಿದೆ. ಮಗನ ನೆನಪು ತಾಯಿಗೆ ಮಾಡಿಕೊಂಡ ತಿದ್ದುಪಡಿ ಅದು.

ನಾಟಕದ ಈ ಕಾಠಿಣ್ಯವನ್ನು ಸಿನಿಮಾ ತಾಳಿಕೊಳ್ಳಲಿಲ್ಲ. 1950ರಲ್ಲಿ ಇರ್ವಿಂಗ್ ರ‍್ಯಾಪರ್ ನಿರ್ದೇಶಿಸಿದ ಹಾಲಿವುಡ್ ಚಿತ್ರದ ಕೊನೆಯಲ್ಲಿ ಲಾರಾಳಿಗೆ ಮತ್ತೊಬ್ಬ ತರುಣ ದೊರೆಯುವ ಸೂಚನೆ ಕೊಡಲಾಯಿತು. ವಿಲಿಯಮ್ಸ್‌ಗೆ ಅದು ಹಿಡಿಸಲಿಲ್ಲ. ಪಲಾಯನದ ಬಗೆಗಿನ ಕೃತಿಯನ್ನೇ ಪಲಾಯನಕ್ಕೆ ಒಗ್ಗಿಸಿದ ಉದಾಹರಣೆ ಇದು. ಭಾರತದಲ್ಲಿ ಶ್ಯಾಮಪ್ರಸಾದ್ 2004ರಲ್ಲಿ ಮಲಯಾಳದಲ್ಲಿ ಮಾಡಿದ ‘ಅಕಲೆ’ ಕಥೆಯನ್ನು ಕೇರಳದ ಆಂಗ್ಲೋ-ಇಂಡಿಯನ್ ಕುಟುಂಬವೊಂದಕ್ಕೆ ತಂದಿತು. ತಾಯಿಯ ಪಾತ್ರಕ್ಕಾಗಿ ಶೀಲಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ಅಮಾಂಡಾಳ ಪಾತ್ರದಲ್ಲಿರುವ ಸತ್ವಕ್ಕೆ ಸಂದ ಮನ್ನಣೆಯೂ ಹೌದು.

ಕೃತಿಕಾರನ ಬದುಕನ್ನು ಕೃತಿಯ ಕೀಲಿಕೈಯಾಗಿ ಬಳಸುವುದರಲ್ಲಿ ಅಪಾಯವಿದೆ. ವಿಲಿಯಮ್ಸ್‌ನ ತಂದೆ ನಾಟಕದ ತಂದೆಯಂತೆ ಮಕ್ಕಳ ಎಳವೆಯಲ್ಲಿ ಮಾಯವಾದವನಲ್ಲ. ಕಿರಿಯ ತಮ್ಮನೊಬ್ಬನಿದ್ದ, ನಾಟಕದಲ್ಲಿ ಅವನಿಲ್ಲ. ಆದರೆ ಅಕ್ಕ ರೋಸ್ ಇದ್ದಳು, ಆಕೆಯ ಕೋಣೆಯಲ್ಲಿ ಗಾಜಿನ ಪುಟ್ಟ ಪ್ರಾಣಿಗಳೂ ಇದ್ದವು. ಮನೋರೋಗದ ಚಿಕಿತ್ಸೆಯೆಂದು 1943ರಲ್ಲಿ ಆಕೆಯ ಮಿದುಳಿನ ಮುಂಭಾಗಕ್ಕೆ ಶಸ್ತ್ರಕ್ರಿಯೆ ನಡೆದಾಗ ತಮ್ಮ ಊರಿನಲ್ಲಿರಲಿಲ್ಲ. ಮರುವರ್ಷ ಈ ನಾಟಕ ರಂಗಕ್ಕೆ ಬಂತು. ಅದರ ಗೌರವಧನದಲ್ಲಿ ಅರ್ಧವನ್ನು ವಿಲಿಯಮ್ಸ್ ತಾಯಿ ಎಡ್ವಿನಾಳ ಹೆಸರಿಗೆ ಬರೆದುಕೊಟ್ಟ. ರೋಸ್‌ಳ ಆರೈಕೆಯ ವೆಚ್ಚವನ್ನು ತಾನೇ ನೋಡಿಕೊಂಡ. 1983ರಲ್ಲಿ ಆತ ತೀರಿಕೊಂಡಾಗ ಆಸ್ತಿಯ ಬಹುಭಾಗ ಆಕೆಯ ಪೋಷಣೆಗೆಂದು ನಿಧಿಯಾಗಿ ಉಳಿಯಿತು. ಆಕೆ 1996ರವರೆಗೆ ಬದುಕಿದ್ದಳು.